ಇಪ್ಪತ್ಮೂರು ಹೆಸರಿನ ಬೋರಿಂಗು

ನಗುವವರು ಮುಂದೆ ಕೂತ್ಕೊಳ್ಳಿ. ನಮ್ಮೂರಲ್ಲಿ ಕಾಳಮ್ಮ ಅಂತ ಕಮ್ಮಾರ ಮುದುಕಿ ಇದ್ದಳು, ಅವಳಿಗೆ ಮೋನಪ್ಪ ಅಂತ ಒಬ್ಬನೇ ಮಗ. ಕೈ ಬಂಗಾರ, ತಲೆ ಖಾಲಿ. ನಾನು ಸತ್ತರೆ ಇವನನ್ನು ಕೇಳುವವರು ಯಾರು ಅಂತ ಮುದುಕಿಗೆ ದಿನಾ ಅದೇ ಚಿಂತೆ.

ನಾನಾಗ ಎರಡನೇ ಇಯತ್ತೆ. ನಮ್ಮ ಶಾಲೆಯ ಬೋರಿಂಗಿನ ಹಿಡಿಕೆ ನಮಗೆ ಎಟುಕುತ್ತಿರಲಿಲ್ಲ, ಜೋತುಬಿದ್ದರೂ ನೀರಿಲ್ಲ. ಮಕ್ಕಳೇ ನೀರೆತ್ತುವಂಥ ಹೊಸದೊಂದು ಮಾಡಿಕೊಡು ಅಂತ ಮಾಸ್ತರು ಮೋನಪ್ಪನಿಗೆ ಹೇಳಿದರು. ಇದೊಂದು ನೆಟ್ಟಗಾದರೆ ನಾಲ್ಕೂರಿನ ಕೆಲಸ ಬರುತ್ತದೆ ಅಂತ ಕಾಳಮ್ಮನ ಆಸೆ. ಹುಡುಗರನ್ನು ಕೇಳಿ ಮಾಡಪ್ಪ ಅಂದಳು.

ಕೇಳಿದ. ನಾವು ಗಂಟೆ ಬೇಕು, ಕುದುರೆ ಮುಖ ಬೇಕು, ನವಿಲಿನ ಬಾಲ ಬೇಕು ಅಂದೆವು. ಹಳೇ ಹಿಡಿಕೆ ಕಿತ್ತು ಎಲ್ಲಾ ಹಚ್ಚಿದ. ನೀರು ಮಾತ್ರ ಬರಲಿಲ್ಲ.

"ನೀರು ಬೇಕಂತ ಹುಡುಗರ್ಯಾರೂ ಹೇಳಲಿಲ್ಲಬೇ," ಅಂದ ಅವ್ವನಿಗೆ.

ಕಾಳಮ್ಮ ಹಣೆ ಬಡಕೊಂಡಳು. ಬರೀ ಬಾಯಿಮಾತು ಕೇಳಬೇಡ, ಮಕ್ಕಳ ಕೈ ಅಳತೆ ತಗೊಂಡು ಹಿಡಿಕೆ ಮಾಡು ಅಂದಳು. ತಗೊಂಡ. ನಾವಿದ್ದ ಇಪ್ಪತ್ಮೂರು ಮಕ್ಕಳ ಅಳತೆಗೆ ಇಪ್ಪತ್ಮೂರು ಹಿಡಿಕೆ ಮಾಡಿ ಒಂದೇ ಬೋರಿಂಗಿಗೆ ಸುತ್ತಲೂ ಜಡಿದ. ಮುಳ್ಳುಹಂದಿ ನಿಂತಂತೆ ನಿಂತಿತು. ಕೊಡ ಇಡಲೂ ಜಾಗವಿಲ್ಲ.

ಅವತ್ತು ಕಾಳಮ್ಮ ಅತ್ತೇಬಿಟ್ಟಳು. "ಆ ಹುಡುಗರ ಜೋಡಿ ಕುಂತು ಮಾಡೋ ನನ್ನಪ್ಪ. ಅವರೂ ಕೈ ಹಚ್ಚಲಿ."

ಮರುದಿನ ಮೀಸೆ ಹೊತ್ತ ಮೋನಪ್ಪ ಪಾಟಿ ಹಿಡಿದು ಎರಡನೇ ಇಯತ್ತೆಯಲ್ಲಿ ನಮ್ಮ ಜೊತೆ ಕೂತ. ಮಗ್ಗಿ ತಪ್ಪಿ ಕಿವಿಯನ್ನೂ ಹಿಂಡಿಸಿಕೊಂಡ. ಶಾಲೆ ಬಿಟ್ಟ ಮೇಲೆ ನಮ್ಮನ್ನೆಲ್ಲ ಕುಲುಮೆಗೆ ಕರಕೊಂಡು ಹೋದ. ನಾವು ತಿದಿ ಒತ್ತಿದೆವು, ಸುತ್ತಿಗೆ ಎತ್ತಲಾರದೆ ಎತ್ತಿದೆವು. ಹಿಡಿಕೆ ಯಾಕೆ, ಒಂದು ಹಲಗೆ ಹಚ್ಚಿ ಅದರ ಆ ತುದಿ ಈ ತುದಿ ಕೂತು ಏರಿಳಿದರೆ ನೀರು ಬರಲ್ವಾ ಅಂದವಳು ಏಳು ವರ್ಷದ ನೀಲವ್ವ. ಹಾಗೇ ಮಾಡಿದೆವು. ಬಂತು. ಆ ದಿನ ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಮಾಡಿದವರ ಹೆಸರು ಹಲಗೆ ಮೇಲೆ ಕೆತ್ತು, ಮಂದಿ ಹುಡುಕಿಕೊಂಡು ಬರಲಿ ಅಂದಳು ಕಾಳಮ್ಮ. ಕೆತ್ತಿದ. ನಮ್ಮ ಇಪ್ಪತ್ಮೂರೂ ಹೆಸರು ಕೆತ್ತಿದ, ತನ್ನದು ಬಿಟ್ಟ. ಮೊದಲ ಹೆಸರು ನೀಲವ್ವನದು, ಪಕ್ಕದೂರಿನ ಹಿರಿಯರು ಎಲೆಅಡಿಕೆ ಹಿಡಿದು ಅವಳ ಮನೆಗೇ ಬಂದರು. ಕುಂಟಾಬಿಲ್ಲೆ ಆಡುತ್ತಿದ್ದ ಹುಡುಗಿ ಅವರನ್ನು ಕುಲುಮೆಗೆ ಕರೆತಂದಳು.

ನಿನ್ನ ಹೆಸರೆಲ್ಲೋ ಅಂತ ಕಾಳಮ್ಮ ಗದರಿದಳು.

"ನಾ ಬರೇ ಬಡಿದೆ. ಮಾಡಿದವರು ಅವರು."

ಮುದುಕಿ ಹಿರಿಯರಿಗೆ ಚಾಪೆ ಹಾಸಿದಳು. ಆಮೇಲೆ, ಹೋಗಲಿ, ಇವರಿಗೂ ಇದ್ದದ್ದು ಇದ್ದಹಾಗೇ ಮಾಡಿಕೊಡು ಅಂದಳು. ಮಾಡಿಕೊಟ್ಟ. ಆ ಊರಿಗೆ, ಅದರಾಚೆ ಊರಿಗೆ, ಹನ್ನೊಂದು ಊರಿಗೆ ಮಾಡಿಕೊಟ್ಟ. ಹನ್ನೊಂದರ ಮೇಲೂ ನಮ್ಮದೇ ಇಪ್ಪತ್ಮೂರು ಹೆಸರು ಕೆತ್ತಿದ. ಕಾಳಮ್ಮ ಹೋದ ಮೇಲೂ ಕುಲುಮೆ ಆರಲಿಲ್ಲ.

ನಾನು ಕಾಲಿಡದ ಊರಲ್ಲೂ ನನ್ನ ಹೆಸರಿದೆ. ಮೋನಪ್ಪನ ಹೆಸರು ಎಲ್ಲೂ ಇಲ್ಲ, ಅದಕ್ಕೇ ಈ ಕತೆ ಹೇಳಿದೆ.