ಬಿಚ್ಚದ ದಬ್ಬೆ

“ಅಮ್ಮಾ, ಕೈಗೆ ಬಲ ಬರುವುದು ಮೂಳೆಯಿಂದಲೋ ಮಾಂಸದಿಂದಲೋ?”

ಕೇಳಿದವನು ತಿಪ್ಪೇಶ. ಕೇಳಿಸಿಕೊಂಡವಳು ಕೆಂಚಮ್ಮ, ಸುತ್ತಲಿನ ಹತ್ತು ಹಳ್ಳಿಗಳ ಮುರಿದ ಕೈಕಾಲು ಕಟ್ಟುವವಳು, ಅವನ ಗುರು. ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಹಾಕಿ ಕಲಸುತ್ತಿದ್ದ ಅವಳು ಕೈ ನಿಲ್ಲಿಸಿ ಅವನನ್ನು ನೋಡಿದಳು. ಪ್ರಶ್ನೆ ಚೆನ್ನಾಗಿತ್ತು. ಅದು ಬಂದ ಹೊತ್ತು ಚೆನ್ನಾಗಿರಲಿಲ್ಲ.

ಹೊರಗೆ ಜಗಲಿಯ ಮೇಲೆ ಹೊಸಕೆರೆಯ ಇಬ್ಬರು ಹಿರಿಯರು ಕೂತಿದ್ದರು. ಅವರ ಊರಿನಲ್ಲಿ ಮೂಳೆ ಕಟ್ಟುವವರಿಲ್ಲ. ತಿಪ್ಪೇಶನನ್ನು ಕಳಿಸಿಕೊಡಿ ಎಂದು ಅವರು ಬಂದದ್ದು ಇದು ಮೂರನೆಯ ಸಲ. ಮೊದಲ ಸಲ ಬಂದಾಗ ತಿಪ್ಪೇಶನಿಗೆ ಬೆನ್ನುಮೂಳೆಯಲ್ಲಿ ಒಟ್ಟು ಎಷ್ಟು ಮಣಿ ಎಂಬ ಅನುಮಾನ ಬಂದಿತ್ತು. ಎರಡನೆಯ ಸಲ, ಹೆಂಗಸರಿಗೂ ಗಂಡಸರಿಗೂ ಪಕ್ಕೆಲುಬು ಒಂದೇ ಸಮ ಇರುತ್ತವೆಯೇ ಎಂದು. ಅವರು ಹೋದ ಮೇಲೆ ಅನುಮಾನವೂ ಹೋಗುತ್ತಿತ್ತು.

ಈ ಸಲ ಅವರು ಬರಿಗೈಯಲ್ಲಿ ಹೋಗುವಂತಿರಲಿಲ್ಲ. ಅವರ ಊರಿನಲ್ಲಿ ಒಬ್ಬ ಹುಡುಗಿ ಹುಣಸೆ ಮರದಿಂದ ಬಿದ್ದು, ಬಾತ ಮೊಣಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಗಾಡಿ ಹತ್ತಲು ಕೆಂಚಮ್ಮನ ಸೊಂಟ ಒಪ್ಪದು. ಹೋಗಬೇಕಾದವನು ತಿಪ್ಪೇಶನೇ.

ಎಂಟು ವರ್ಷದಿಂದ ಅವಳ ಶಿಷ್ಯ. ಕಣ್ಣು ಮುಚ್ಚಿ ಸವರಿದರೂ ಮುರಿದ ಜಾಗ ಹೇಳುತ್ತಿದ್ದ. ಆದರೆ ಮೂಳೆಯನ್ನು ಎಳೆದು ಕೂಡಿಸುವ ಗಳಿಗೆಯಲ್ಲಿ ಅವನ ಕೈಯ ಮೇಲೆ ಕೆಂಚಮ್ಮನ ಕೈ ಇರಬೇಕಿತ್ತು. ಒತ್ತುವುದೂ ಬೇಡ, ಸುಮ್ಮನೆ ಇದ್ದರೆ ಸಾಕು. ನಾನು ಸತ್ತರೆ ಈ ಕೈ ಕತ್ತರಿಸಿ ಇವನಿಗೆ ಕೊಟ್ಟು ಹೋಗಬೇಕೇನೋ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

“ಇದೊಂದು ತಿಳಿದುಬಿಟ್ಟರೆ ಸಾಕಮ್ಮಾ,” ಎಂದ ತಿಪ್ಪೇಶ. “ಇನ್ನೊಂದು ವರ್ಷ ಇದ್ದು ಆಮೇಲೆ ಹೋಗುತ್ತೇನೆ.”

“ಕೂತುಕೋ,” ಎಂದಳು ಕೆಂಚಮ್ಮ. “ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಒಬ್ಬ ಕಮ್ಮಾರನಿದ್ದ. ಅವನ ಬಲಗೈ ನೋಡಿದವರು ಇದು ಕೈಯೋ ತೊಡೆಯೋ ಎನ್ನುತ್ತಿದ್ದರು. ಒಂದು ದಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವಾಗ ಚಕ್ರ ಮಗುಚಿ ಮುಂಗೈ ಮುರಿಯಿತು. ಮೂಳೆ ಕಟ್ಟುವವಳ ಬಳಿ ಹೋದ. ಅವಳು ಎಳೆದು ಕೂಡಿಸಿದಳು, ಹಿಟ್ಟು ಬಳಿದು ಬಟ್ಟೆ ಸುತ್ತಿದಳು, ನಾಲ್ಕು ಬಿದಿರಿನ ದಬ್ಬೆ ಇಟ್ಟು ಬಿಗಿದಳು. ಒಂದೂವರೆ ತಿಂಗಳು ಅಲ್ಲಾಡಿಸಬೇಡ ಎಂದಳು.

ಕಮ್ಮಾರ ಅಲ್ಲಾಡಿಸಲಿಲ್ಲ. ಅವಧಿ ಮುಗಿದಾಗ ಅವಳು ಹೇಳಿಕಳಿಸಿದಳು: ಮೂಳೆ ಕೂಡಿದೆ, ದಬ್ಬೆ ಬಿಚ್ಚು, ಮೊದಲು ಇಕ್ಕಳ ಹಿಡಿ, ಆಮೇಲೆ ಚಿಕ್ಕ ಸುತ್ತಿಗೆ, ಆಮೇಲೆ ದೊಡ್ಡದು. ಕಮ್ಮಾರ ಯೋಚಿಸಿದ. ಒಂದೂವರೆ ತಿಂಗಳಿಗೇ ಇಷ್ಟು ಗಟ್ಟಿಯಾದರೆ ಮೂರು ತಿಂಗಳಿಗೆ ಎಷ್ಟು ಗಟ್ಟಿಯಾಗಬಹುದು? ದಬ್ಬೆ ಬಿಚ್ಚಲಿಲ್ಲ. ಮೂರು ತಿಂಗಳಾದಾಗ ಅವನಿಗೆ ಆರು ತಿಂಗಳ ಆಸೆ ಹುಟ್ಟಿತು.

ಹೆಂಡತಿ ತುತ್ತು ಕಲಸಿ ಬಾಯಿಗಿಡುತ್ತಿದ್ದಳು. ಊರಿನ ನೇಗಿಲ ಗುಳಗಳೆಲ್ಲ ಮೊಂಡಾಗಿ ಕುಲುಮೆಯ ಮುಂದೆ ಬಂದು ಬಿದ್ದವು. ಆಯುಧಪೂಜೆ ಬಂತು. ಹೆಂಡತಿ ಅಡೆಗಲ್ಲಿಗೆ, ತಿದಿಗೆ, ಸುತ್ತಿಗೆಗೆ ಕುಂಕುಮ ಹಚ್ಚಿದಳು. ಕಮ್ಮಾರ ದಬ್ಬೆ ಕಟ್ಟಿದ ಕೈಯನ್ನು ಮುಂದೆ ಚಾಚಿದ.

“ಇದಕ್ಕೂ ಹಚ್ಚೇ. ನನ್ನ ಕೈ ಉಳಿಸಿದ್ದು ಇದೇ.”

“ಹಚ್ಚೋಣ,” ಎಂದಳು ಹೆಂಡತಿ. “ಗುಳ ತಟ್ಟುವುದಕ್ಕೂ ಇದಕ್ಕೇ ಹೇಳಿ.”

ಕೊನೆಗೆ ಬಿದಿರಿಗೆ ಹುಳ ಬಿದ್ದು ದಬ್ಬೆ ತಾನಾಗಿಯೇ ಪುಡಿಪುಡಿಯಾಗಿ ಉದುರಿತು. ಒಳಗಿನಿಂದ ಹೊರಬಂದ ಕೈ ಸುತ್ತಿಗೆಯ ಹಿಡಿಯಷ್ಟೇ ದಪ್ಪವಿತ್ತು. ಆ ಕೈಯಿಂದ ಸುತ್ತಿಗೆ ಎತ್ತಲು ಹೋದ. ಸುತ್ತಿಗೆ ನೆಲ ಬಿಡಲಿಲ್ಲ.

ಕಮ್ಮಾರ ದಾರಿಯುದ್ದಕ್ಕೂ ಬೈಯುತ್ತ ಮೂಳೆ ಕಟ್ಟುವವಳ ಮನೆಗೆ ಬಂದ. “ನೀನು ಕೂಡಿಸಿದ್ದೇ ಸುಳ್ಳು,” ಎಂದ.

ಅವಳು ಕೈ ಒತ್ತಿ ನೋಡಿದಳು. “ಮೂಳೆ ಕೂಡಿ ಯಾವ ಕಾಲವಾಯಿತಪ್ಪಾ. ಗೆರೆ ಎಳೆದಷ್ಟು ನೆಟ್ಟಗಿದೆ. ಆದರೆ ಮೂಳೆ ತಾನಾಗಿ ಯಾವತ್ತು ಸುತ್ತಿಗೆ ಎತ್ತಿತ್ತು? ಮೂಳೆ ನೀರೆತ್ತುವ ಏತದ ಮರ. ಎಳೆಯುವ ಹಗ್ಗ ಮಾಂಸ. ಆ ಹಗ್ಗಕ್ಕೂ ಎಳೆಯಲು ಗೊತ್ತೇ ಹೊರತು ತಳ್ಳಲು ಗೊತ್ತಿಲ್ಲ. ಅದಕ್ಕೇ ಮುಂದೊಂದು ಹಿಂದೊಂದು ಇಟ್ಟಿರುವುದು, ಒಂದು ಮಡಿಸಲಿಕ್ಕೆ, ಒಂದು ಚಾಚಲಿಕ್ಕೆ. ಕೆಲಸವಿಲ್ಲದೆ ಎರಡೂ ಸೊರಗಿವೆ. ಎಳೆಯುವವರಿಲ್ಲದೆ ಮೂಳೆಯೂ ಒಳಗೊಳಗೇ ಬೆಂಡಾಗುತ್ತಿದೆ.”

“ಹಾಗಾದರೆ ನೀನು ಕಟ್ಟಿದ ದಬ್ಬೆ?”

“ಮೂಳೆ ಕೂಡುವ ತನಕ ಅದು ದಬ್ಬೆ. ಕೂಡಿದ ಮೇಲೆ ಸೌದೆ.”

ಕೆಂಚಮ್ಮ ಕತೆ ನಿಲ್ಲಿಸಿ ಬಟ್ಟಲು ನೋಡಿದಳು. ಕಲಸಿದ ಹಿಟ್ಟು ಬಿಗಿದುಕೊಂಡು ಕೆಟ್ಟುಹೋಗಿತ್ತು. ಹೊರಗೆ ಹಿರಿಯರಲ್ಲಿ ಒಬ್ಬರು ಎರಡನೆಯ ಸಲ ಕೆಮ್ಮಿದರು. ಗಾಡಿಯ ಎತ್ತುಗಳು ಕೊರಳು ಕೊಡವಿದವು.

ತಿಪ್ಪೇಶ ಎದ್ದಿರಲಿಲ್ಲ. ಕತೆ ಅವನಿಗೆ ಬಹಳ ಹಿಡಿಸಿತ್ತು.

“ಎಂಥ ಪೆದ್ದನಮ್ಮಾ ಆ ಕಮ್ಮಾರ,” ಎಂದು ನಕ್ಕ. “ಕೂಡಿದೆ ಎಂದು ಕಟ್ಟಿದವಳೇ ಹೇಳಿದರೂ ದಬ್ಬೆ ಬಿಡಲಿಲ್ಲವಲ್ಲ.”

ಕೆಂಚಮ್ಮ ಹಿಟ್ಟಿನ ಕೈಯಲ್ಲೇ ಹಣೆ ಒತ್ತಿಕೊಂಡಳು.

“ಅವನದಾದರೂ ಬಿದಿರಿನ ದಬ್ಬೆ ಕಣೋ, ನಿನ್ನದಕ್ಕೆ ಎಪ್ಪತ್ತು ವರ್ಷವಾಗಿದೆ, ಸೊಂಟ ಬೇರೆ ನೋಯುತ್ತದೆ.”

ತಿಪ್ಪೇಶ ಎದ್ದ. ನಾಲ್ಕು ದಬ್ಬೆ ಕಂಕುಳಲ್ಲಿಟ್ಟುಕೊಂಡು ಗಾಡಿ ಹತ್ತಿದ.