ಥಳಕರಾಯನ ಗಾಜು, ಕೊಟ್ರವ್ವನ ಎಮ್ಮೆ

ಒಂದಾನೊಂದು ಊರಿನಲ್ಲಿ, ಅದು ಯಾವ ದಿಕ್ಕಿಗಿತ್ತು ಅಂತ ಕೇಳಿದವರಿಗೆ ಕತೆ ಹೇಳುವುದಿಲ್ಲ, ಥಳಕರಾಯ ಅಂತ ಒಬ್ಬ ಅರಸನಿದ್ದ. ಅವನಿಗೆ ರಾಣಿ ಬೇಡ, ರಾಜ್ಯ ಬೇಡ, ಯುದ್ಧವಂತೂ ಬೇಡವೇ ಬೇಡ. ಅವನ ಜೀವವೆಲ್ಲ ಅರಮನೆಯ ಕಂಪ್ಯೂಟರಿನಲ್ಲಿತ್ತು. ಊರಿನ ಕಾಗದಪತ್ರಗಳೆಲ್ಲ ಅದರ ಫೋಲ್ಡರಿನಲ್ಲಿದ್ದವು. ಅರಸ ಒಂದನ್ನೂ ಓದಿದವನಲ್ಲ. ಫೋಲ್ಡರ್ ತೆರೆದಾಗ ಬರುವ ಕಿಟಕಿ ಗಾಜಿನಂತಿರಬೇಕು, ಅದರ ಹಿಂದೆ ಪರದೆಯ ತುಂಬ ತನ್ನ ಮೀಸೆಯ ಚಿತ್ರ ಕಾಣಬೇಕು, ಅಷ್ಟೇ. ಬೆಳಗ್ಗೆ ಪಾರದರ್ಶಕತೆಯ ಗುಂಡಿಯನ್ನು ಬಲಕ್ಕೆ ಜಗ್ಗುತ್ತಿದ್ದ, ಸಂಜೆ ಎಡಕ್ಕೆ ಜಗ್ಗುತ್ತಿದ್ದ. ಇದಕ್ಕೆ ರಾಜ್ಯಭಾರ ಅಂತ ಹೆಸರಿಟ್ಟಿದ್ದ.

ಗಾಜು ತಿಳಿಯಾದಷ್ಟೂ ಕಾಗದಗಳ ಅಕ್ಷರ ಅರಸನ ಮೀಸೆಯೊಳಗೆ ಸಿಕ್ಕಿಕೊಂಡು ಕಾಣದಾದವು. ಮಂತ್ರಿ ಸೂರಪ್ಪಯ್ಯ ಕೈಮುಗಿದ.

"ಮಹಾಸ್ವಾಮಿ, ಹಿಂದಿನ ಚಿತ್ರ ಸ್ವಲ್ಪ ಮಬ್ಬು ಮಾಡಿದರೆ ಮುಂದಿನ ಅಕ್ಷರ ಓದಬಹುದು."

"ನನ್ನ ಮುಖ ಮಬ್ಬು ಮಾಡುತ್ತೀಯಾ?"

"ಇಲ್ಲ ಮಹಾಸ್ವಾಮಿ."

"ಹಾಗಾದರೆ ಅಕ್ಷರ ಮಬ್ಬು ಮಾಡು."

ಮಾಡಿದರು. ಅರಸನ ಮುಖ ಫಳಫಳ ಹೊಳೆಯಿತು, ಊರಿನ ಕಾಗದವೆಲ್ಲ ಮಂಜಾಯಿತು. ಸಭೆ ಚಪ್ಪಾಳೆ ತಟ್ಟಿತು. ನಾಚಿಕೆ ಅನ್ನುವುದನ್ನು ಆ ಸಭೆ ಎಂದೋ ತೊಳೆದುಕೊಂಡಿತ್ತು. ಆ ಖುಷಿಯಲ್ಲಿ ಅರಸ ಕಟ್ಟಳೆ ಹೊರಡಿಸಿದ. ಕಿಟಕಿಯ ಹಿಂದೆ ಯಾರ ಚಿತ್ರವೋ ಅವರೇ ಅರಸರು. ಮಬ್ಬು ಮಾಡುವ ಹಕ್ಕು ಅರಸರಿಗೆ ಮಾತ್ರ.

ಈಗ ಕೊಟ್ರವ್ವನ ಪಾಡು ಕೇಳಿ. ಅವಳು ಹಾಲು ಮಾರುವವಳು. ಅವಳ ಎಮ್ಮೆ ಮೇಯಲು ಹೋಗುವಾಗ ಅರಮನೆಯ ಪಡಸಾಲೆಗೆ ನುಗ್ಗಿತು. ಜನರ ದರ್ಶನಕ್ಕೆಂದು ಅಲ್ಲಿಟ್ಟಿದ್ದ ಕಂಪ್ಯೂಟರಿಗೆ ಮೂಗು ತಾಗಿಸಿ ಒಂದು ಉಸಿರು ಬಿಟ್ಟಿತು. ಪರದೆ ಮಬ್ಬಾಯಿತು. ಅಪ್ಪಣೆಯಿಲ್ಲದೆ ಮಬ್ಬು ಮಾಡಿದ ಅಪರಾಧಕ್ಕೆ ಎಮ್ಮೆಯನ್ನು ಬೀದಿದನ ಕೂಡುವ ದೊಡ್ಡಿಗೆ ನೂಕಿದರು. ಮನೆಯಲ್ಲಿ ಅದರ ಎಳೆಗರು, ಹುಲ್ಲು ತಿನ್ನಲು ಬಾರದು, ನೀರು ಕುಡಿದು ಎಷ್ಟು ಹೊತ್ತು ಬದುಕೀತು?

ಕೊಟ್ರವ್ವ ಮಂತ್ರಿಯ ಮುಂದೆ ನಿಂತಳು.

"ನನ್ನ ಎಮ್ಮಿ ಬಿಡ್ರಿ ಯಪ್ಪಾ. ಕರ ಹಸಕೊಂಡು ಒದರಾಕತ್ತೈತಿ."

"ಬಿಡುಗಡೆ ಕಾಗದ ಆಗಲೇ ಆಗಿದೆಯಮ್ಮ. ಫೋಲ್ಡರಿನಲ್ಲಿದೆ."

"ಮತ್ತ ಓದ್ರಿ."

"ಮಬ್ಬಾಗಿದೆ, ಓದಲು ಬರುವುದಿಲ್ಲ."

"ಮಬ್ಬು ತಗೀರಿ."

"ಮಬ್ಬು ತೆಗೆಯಲು ಅಪ್ಪಣೆ ಬೇಕು. ಅದೂ ಆಗಿದೆ. ಅದೇ ಫೋಲ್ಡರಿನಲ್ಲಿದೆ."

ಕೊಟ್ರವ್ವನಿಗೆ ಮೈಯೆಲ್ಲ ಉರಿಯಿತು. ಇಷ್ಟು ಓದಿದ ಗಂಡಸರು, ಇಷ್ಟು ದೊಡ್ಡ ರುಮಾಲು, ಒಂದು ಎಮ್ಮೆ ಬಿಡಲು ಆಗುವುದಿಲ್ಲವಲ್ಲ! ಸೀದಾ ಪಡಸಾಲೆಗೆ ಹೋಗಿ ಫೋಲ್ಡರಿನ ಕಿಟಕಿಯನ್ನೇ ಬಾಯಿಗೆ ಬಂದಂತೆ ಬೈದಳು.

"ನನ್ನನ್ನು ಯಾಕೆ ಬೈತೀಯೇ ತಾಯಿ?" ಅಂದಿತು ಕಿಟಕಿ. "ನನಗೂ ಮಾನ ಇಲ್ಲವಾ? ಮೈಮೇಲೆ ತುಂಡು ಬಟ್ಟೆಯಿಲ್ಲ. ಬೆನ್ನ ಹಿಂದೆ ಹಗಲೂ ಇರುಳೂ ಆ ಮೀಸೆ. ಬೆನ್ನಿಗೆ ಏನಾದರೂ ಕರ್ರಗಿರುವುದು ಕೊಡಿಸು. ಆಗ ಮಬ್ಬು ಅಕ್ಷರವನ್ನೂ ಬೆಳ್ಳಗೆ ಎತ್ತಿ ತೋರಿಸ್ತೀನಿ."

"ನನ್ನ ಎಮ್ಮೀಗಿಂತ ಕರ್ರಗಿನದು ಈ ಊರಾಗ ಏನೈತಿ? ಅದು ದೊಡ್ಯಾಗೈತಿ."

"ಎಮ್ಮೆ ಬೇಡ. ಅದರ ಚಿತ್ರ ಸಾಕು."

ಕೊಟ್ರವ್ವ ಅರಸನ ಬಳಿ ಹೋದಳು. ಸೆರಗು ಹೊದ್ದು ವಿನಯದಿಂದ ನಿಂತಳು. ಅಂಥವನ ಮುಂದೆ ವಿನಯ ತೋರಿಸಬೇಕಾಯಿತಲ್ಲ ಅಂತ ಒಳಗೊಳಗೇ ಬೈದುಕೊಂಡಳು.

"ಅರಸರ, ನಿಮ್ಮ ಮೀಸಿ ಭಾಳ ಛಂದ ಐತ್ರಿ. ಅದಕ್ಕ ನಿಮ್ಮ ಗಾಜನ್ನ ಯಾರೂ ನೋಡವಲ್ರು."

ಕೋಟೆ ಬಿದ್ದಿತೆಂದರೂ ಥಳಕರಾಯ ಅಷ್ಟು ಬೆಚ್ಚುತ್ತಿರಲಿಲ್ಲ. "ಏನು? ನನ್ನ ಗಾಜನ್ನು ನೋಡುವುದಿಲ್ಲವೇ?"

"ಹಿಂದ ಕರ್ರಗಿನ ಎಮ್ಮಿ ಚಿತ್ರ ಇಡ್ರಿ. ಗಾಜು ಹೆಂಗ ಮಿಂಚತೈತಿ ನೋಡ್ರಿ."

ಕ್ಯಾಮೆರಾ ದೊಡ್ಡಿಗೆ ಓಡಿತು. ಎಮ್ಮೆ ಹಿಂದೆ ಸರಿಯಲೊಲ್ಲದು, ಅದರ ಹೊಟ್ಟೆಯೇ ಚಿತ್ರವನ್ನೆಲ್ಲ ತುಂಬಿಕೊಂಡಿತು. ಮೀಸೆ ತೆಗೆದು ಹೊಟ್ಟೆ ಇಟ್ಟರು. ಗಾಜು ಮಿಂಚಿತು. "ಆಹಾ, ಎಂಥ ಗಾಜು!" ಅಂತ ಅರಸ ಕುಣಿದ. ಕಿಟಕಿ ಕೊಟ್ಟ ಮಾತು ಉಳಿಸಿಕೊಂಡಿತು. ಎಮ್ಮೆಯ ಬಿಡುಗಡೆ ಕಾಗದ ಎಲ್ಲರಿಗೂ ಕಾಣುವಂತೆ ಬೆಳ್ಳಗೆ ಎದ್ದಿತು.

ಕೊಟ್ರವ್ವ ಹಗ್ಗ ಹಿಡಿದು ದೊಡ್ಡಿಗೆ ಓಡಿದಳು. ಅಷ್ಟರಲ್ಲಿ ಮಂತ್ರಿಗೆ ಕಟ್ಟಳೆ ನೆನಪಾಗಿತ್ತು. ಕಿಟಕಿಯ ಹಿಂದೆ ಯಾರ ಚಿತ್ರವೋ ಅವರೇ ಅರಸರು! ಇಂಥ ವಿಷಯದಲ್ಲಿ ಸೂರಪ್ಪಯ್ಯನ ಕಾಲು ಬಲು ಚುರುಕು. ಕೊಟ್ರವ್ವ ಬರುವ ಹೊತ್ತಿಗೆ ಅವನು ಎಮ್ಮೆಯ ಮುಂದೆ ಉದ್ದಕ್ಕೆ ಅಡ್ಡಬಿದ್ದಿದ್ದ.

"ದೂರ ನಿಲ್ಲಮ್ಮ. ಅದು ಎಮ್ಮೆಯ ಬಿಡುಗಡೆ ಕಾಗದ. ಇವರು ಮಹಾಸ್ವಾಮಿಗಳು. ಮಹಾಸ್ವಾಮಿಗಳಿಗೆ ಹಗ್ಗ ಹಾಕುವಂತಿಲ್ಲ."

ಪಡಸಾಲೆಯಲ್ಲಿದ್ದ ಥಳಕರಾಯನಿಗೆ, "ಬುದ್ಧಿ, ನಿಮ್ಮ ರಾಜ್ಯ ಹೋಯಿತು" ಅಂತ ಯಾರೋ ಹೇಳಿದರು. ಅವನು ತಲೆ ಎತ್ತಲಿಲ್ಲ. "ಸ್ವಲ್ಪ ತಡಿ, ಕಿಟಕಿಯ ಈ ಮೂಲೆ ಇನ್ನೂ ದುಂಡಗಾಗಬೇಕು" ಅಂದ.

ಕೊಟ್ರವ್ವ ದೊಡ್ಡಿಯ ಬಾಗಿಲಲ್ಲಿ ಕುಸಿದು ಕೂತು ಅತ್ತುಬಿಟ್ಟಳು. ಕಾಗದ ಸಿಕ್ಕಿತು, ಎಮ್ಮೆ ಸಿಗಲಿಲ್ಲ. ಮನೆಯ ಕಡೆಯಿಂದ ಕರು ಸಣ್ಣ ದನಿಯಲ್ಲಿ ಕೂಗಿತು. ಎಮ್ಮೆ ಕಿವಿ ನಿಮಿರಿಸಿತು. ಮಂತ್ರಿಯನ್ನು ತುಳಿದುಕೊಂಡು ಹೊರಟಿತು. ಅರಸರನ್ನು ತಡೆಯುವವರು ಯಾರು? ಎಮ್ಮೆಯ ಹಿಂದೆ ಕೊಟ್ರವ್ವ, ಕೊಟ್ರವ್ವನ ಹಿಂದೆ ಮಂತ್ರಿ, ಮಂತ್ರಿಯ ಹಿಂದೆ ಇಡೀ ಸಭೆ, ಎಲ್ಲರೂ ಕೊಟ್ಟಿಗೆಗೆ ಬಂದರು. ಕರು ಕೆಚ್ಚಲಿಗೆ ಬಾಯಿ ಹಾಕಿತು. ಬಾಯಿಂದ ನೊರೆ ಇಳಿಯುವವರೆಗೂ ಕುಡಿಯಿತು.

"ಮಹಾಸ್ವಾಮಿಗಳ ಅಪ್ಪಣೆಯೇನು?" ಅಂತ ಮಂತ್ರಿ ಕೈಚಾಚಿದ.

ಎಮ್ಮೆ ಬಾಲ ಎತ್ತಿತು. ಬಿದ್ದದ್ದನ್ನು ಮಂತ್ರಿ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. ಸಭೆ ಚಪ್ಪಾಳೆ ತಟ್ಟಿತು.

ನೀತಿ ಬೇಕೇ ಬೇಕು ಅನ್ನುವವರು ಇದನ್ನು ಕಟ್ಟಿಕೊಂಡು ಹೋಗಿ: ಅರಸನಾಗುವ ಚಪಲ ಇದ್ದವನು ಮೊದಲು ಒಂದು ಕರುವಿನ ಹೊಟ್ಟೆ ತುಂಬಿಸಲಿ. ಅದಾಗದಿದ್ದರೆ ಸೆಗಣಿಯಾದರೂ ಹಾಕಲಿ, ಕುಳ್ಳು ತಟ್ಟಲಿಕ್ಕಾಗುತ್ತದೆ.