ನಲವತ್ತು ಜನರನ್ನು ದಾಟಿಸಿದ ಹಾವು

"ಗುರುಗಳೇ, ದೊಡ್ಡ ಕತೆಗಳಲ್ಲಿ ವೀರನಿಗೆ ದ್ರೋಹ ಮಾಡುವವನು ಯಾವಾಗಲೂ ಹತ್ತಿರದವನೇ ಆಗಿರುತ್ತಾನೆ. ಜೊತೆಗೆ ಉಂಡವನು, ಜೊತೆಗೆ ನಡೆದವನು. ದೂರದವನು ಏಕೆ ಆಗಬಾರದು?"

ಕೇಳಿದವನು ಚೆನ್ನವೀರ. ಮಠಕ್ಕೆ ಓದಲು ಬಂದು ಎರಡು ವರ್ಷವಾಗಿದ್ದ ತರುಣ. ರಾಜರು, ರಾಕ್ಷಸರು, ಮಾಯದ ಕತ್ತಿಗಳು ತುಂಬಿದ ಏಳು ಸಂಪುಟಗಳ ಕತೆಯೊಂದನ್ನು ಅವನು ಒಂದು ತಿಂಗಳಿಂದ ಓದುತ್ತಿದ್ದ. ಐದನೆಯ ಸಂಪುಟದಲ್ಲಿ ವೀರನ ಗೆಳೆಯನೇ ಕೋಟೆಯ ಬಾಗಿಲನ್ನು ಶತ್ರುಗಳಿಗೆ ತೆಗೆದುಕೊಟ್ಟಿದ್ದ. ಅಲ್ಲಿಗೆ ಚೆನ್ನವೀರ ಓದುವುದನ್ನು ನಿಲ್ಲಿಸಿದ್ದ. ಆರನೆಯ ಸಂಪುಟ ತೆರೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಅರ್ಧ ಬುಟ್ಟಿಯನ್ನು ಅವನ ಮುಂದಕ್ಕೆ ತಳ್ಳಿದರು.

"ಒಬ್ಬ ಕಮ್ಮಾರ, ಒಬ್ಬ ಕುಂಬಾರನ ಕತೆ ಹೇಳುತ್ತೇನೆ. ಸುಲಿಯುತ್ತಾ ಕೇಳು," ಎಂದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರನೂ ಒಬ್ಬ ಕುಂಬಾರನೂ ಇದ್ದರು. ಕಮ್ಮಾರನ ಹೆಸರು ಮೌನೇಶ, ಕುಂಬಾರನ ಹೆಸರು ಗುಂಡಯ್ಯ. ಚಿಕ್ಕಂದಿನಿಂದ ಗೆಳೆಯರು. ಇಬ್ಬರದೂ ಬೆಂಕಿಯ ಕೆಲಸ. ಒಬ್ಬನ ಇದ್ದಿಲು ಮುಗಿದರೆ ಇನ್ನೊಬ್ಬನ ಮನೆಯಿಂದ ಬರುತ್ತಿತ್ತು.

ಆ ಸೀಮೆಯ ಪಾಳೆಯಗಾರ ಕೋಟೆ ಕಟ್ಟಿಸುತ್ತಿದ್ದ. ಕಲ್ಲು ಒಡೆಯಲು ಸುತ್ತಲಿನ ಹಳ್ಳಿಗಳಿಂದ ನಲವತ್ತು ಜನರನ್ನು ಹಿಡಿದು ತಂದು ಕಾಲಿಗೆ ಸರಪಳಿ ಹಾಕಿಸಿದ್ದ. ಅವರಲ್ಲಿ ಮುದುಕರಿದ್ದರು. ಎಳೆಗೂಸಿನ ತಾಯಿಯೊಬ್ಬಳಿದ್ದಳು. ಸರಪಳಿ ಬೆಸೆದವನು ಈ ಕಮ್ಮಾರನೇ. ಬೆಸೆಯದಿದ್ದರೆ ಅವನ ಕಾಲಿಗೂ ಒಂದು ಬೀಳುತ್ತಿತ್ತು. ಬೆಸೆದ ಮೇಲೆ ಅವನಿಗೆ ಊಟ ಸೇರಲಿಲ್ಲ.

"ನಾನು ಹಾಕಿದ್ದನ್ನು ನಾನೇ ತೆಗೆಯುತ್ತೇನೆ," ಎಂದು ಅವನು ಗೆಳೆಯನಿಗೆ ಹೇಳಿದ.

"ತೆಗೆದ ಮೇಲೆ ಅವರು ಹೋಗುವುದು ಎಲ್ಲಿಗೆ?" ಎಂದು ಕುಂಬಾರ ಕೇಳಿದ. ಆಮೇಲೆ ಅವನೇ ದಾರಿ ಹೇಳಿದ. ಮಣ್ಣು ಅಗೆಯಲು ಅವನು ತಿರುಗಾಡದ ಹಳ್ಳವಿರಲಿಲ್ಲ. ಹಳ್ಳದೊಳಗೇ ಎರಡು ದಿನ ನಡೆದರೆ ಹೊಳೆ. ಹೊಳೆ ದಾಟಿದರೆ ಪಾಳೆಯಗಾರನ ಗಡಿ ಮುಗಿಯಿತು.

ಪಾಳೆಯಗಾರನ ಮಗನ ಮದುವೆಯ ದಿನ, ಮಧ್ಯಾಹ್ನ, ಕಾವಲಿನವರು ಊಟಕ್ಕೆ ಕೂತಿದ್ದರು. ವಾದ್ಯದ ಸದ್ದಿನಲ್ಲಿ ಸುತ್ತಿಗೆಯ ಸದ್ದು ಯಾರಿಗೂ ಕೇಳಿಸಲಿಲ್ಲ. ಕಮ್ಮಾರ ನಲವತ್ತು ಸರಪಳಿಗಳನ್ನು ಕತ್ತರಿಸಿದ. ಕುಂಬಾರ ಜನರನ್ನು ಹಳ್ಳಕ್ಕೆ ಇಳಿಸಿದ. ಕೊನೆಯ ಸರಪಳಿ ಬಿಚ್ಚುವಾಗ ಅದನ್ನು ಕಟ್ಟಿದ್ದ ಬಂಡೆ ಉರುಳಿ ಕಮ್ಮಾರನ ಪಾದ ಜಜ್ಜಿಹೋಯಿತು. ಅವನು ನಡೆಯುವಂತಿರಲಿಲ್ಲ. ಕುಂಬಾರ ಅವನನ್ನು ಬೆನ್ನ ಮೇಲೆ ಹೊತ್ತು ತಂದು, ತಾನು ಮಡಕೆ ಸುಡುವುದನ್ನು ಬಿಟ್ಟಿದ್ದ ಹಳೆಯ ಆವಿಗೆಯೊಳಗೆ ಮಲಗಿಸಿ, ಮೇಲೆ ಹುಲ್ಲು ಮುಚ್ಚಿದ. ಕುಡಿಯಲು ಒಂದು ಕೊಡ ನೀರಿಟ್ಟ.

ಸಂಜೆಗೆ ಮುಂಚೆ ಕುಂಬಾರನನ್ನು ಕೋಟೆಗೆ ಎಳೆದೊಯ್ದರು. ಜನ ಯಾವ ದಾರಿ ಹಿಡಿದರು, ಕಮ್ಮಾರ ಎಲ್ಲಿದ್ದಾನೆ ಎಂದು ಕೇಳಿದರು. ಕೊನೆಗೆ ಅವನು ಬಾಯಿಬಿಟ್ಟ.

ಕಮ್ಮಾರ ಸಿಕ್ಕಿಬಿದ್ದ. ಅವನನ್ನು ಗಾಡಿಗೆ ಕಟ್ಟಿ ದೂರದ ಗಣಿಗೆ ಕಳಿಸಿದರು. ಕುಂಬಾರನನ್ನು ಬಿಟ್ಟುಬಿಟ್ಟರು. ಅವನಿಂದ ಇನ್ನೇನೂ ಆಗಬೇಕಾಗಿರಲಿಲ್ಲ. ಗಾಡಿ ಹೋಗುವಾಗ ಅವನು ದಾರಿಯ ಪಕ್ಕದಲ್ಲೇ ನಿಂತಿದ್ದ. ಗೆಳೆಯರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕುಂಬಾರನ ಎಡಗೈಗೆ ರಕ್ತದ ಬಟ್ಟೆ ಸುತ್ತಿತ್ತು.

ಆಮೇಲೆ ಅವನು ಚಕ್ರದ ಮುಂದೆ ಕೂತ. ಎಡಗೈಯ ಎರಡು ಬೆರಳು ಮಡಚಲಾಗುತ್ತಿರಲಿಲ್ಲ. ಮಡಕೆ ಮೇಲೇಳಲಿಲ್ಲ. ಊರು ಬಿಟ್ಟ.

ಬಹಳ ದೂರ ಹೋಗಿ, ಎತ್ತಿನ ಮೇಲೆ ಹೇರು ಸಾಗಿಸುವ ವ್ಯಾಪಾರಿಗಳು ತಂಗುವ ಒಂದು ಪೇಟೆಯಲ್ಲಿ ನೆಲೆಸಿದ. ಗಣಿಗೆ ಹೋದವರು ಬದುಕುವುದಿಲ್ಲವೆಂದು ಜನ ಹೇಳುತ್ತಿದ್ದರು. ಗೆಳೆಯ ಸತ್ತನೆಂದೇ ಅವನೂ ನಂಬಿದ್ದ. ಹೊಟ್ಟೆಪಾಡಿಗೆ ಕೆಲಸ ಬೇಕಿತ್ತು, ಕೈ ಕೆಲಸಕ್ಕೆ ಬರುತ್ತಿರಲಿಲ್ಲ. ಕತೆ ಹೇಳಲು ಶುರುಮಾಡಿದ.

ಸಂತೆಯ ದಿನ, ಸಂತೆ ಕರಗಿದ ಮೇಲೆ, ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ವಾರಕ್ಕೆ ಒಂದು ಭಾಗ. ಒಂದೇ ಕತೆ ಹನ್ನೊಂದು ವರ್ಷ ನಡೆಯಿತು. ಅದರಲ್ಲಿ ಏಳು ಬೆಟ್ಟಗಳ ರಾಜ್ಯವಿತ್ತು. ಉಪ್ಪಿನ ಸಿಂಹಾಸನದ ಮೇಲೆ ಕೂತ ದುಷ್ಟ ರಾಜನಿದ್ದ. ಕೆಂಡಮಲ್ಲನೆಂಬ ವೀರನಿದ್ದ, ಅವನಿಗೆ ಎರೆಯನೆಂಬ ಗೆಳೆಯನಿದ್ದ. ಜನ ಕೆಂಡಮಲ್ಲನನ್ನು ಮೆಚ್ಚಿದರು. ಆದರೆ ಹಚ್ಚಿಕೊಂಡದ್ದು ಎರೆಯನನ್ನು. ಎರೆಯ ತಮಾಷೆ ಮಾಡುತ್ತಿದ್ದ, ಹೆದರುತ್ತಿದ್ದ, ಹಸಿವಾದರೆ ಹಸಿವು ಎನ್ನುತ್ತಿದ್ದ. ಕತೆಯಲ್ಲಿ ಅವನಿಗೆ ಜ್ವರ ಬಂದ ವಾರ ಬಳೆ ಮಾರುವ ಮುದುಕಿಯೊಬ್ಬಳು ಕತೆಗಾರನ ಮನೆಗೆ ಶುಂಠಿ ಕಷಾಯ ತಂದುಕೊಟ್ಟಳು. "ನಿನಗಲ್ಲ, ಅವನಿಗೆ," ಎಂದಳು.

ಕತೆಯಲ್ಲಿ ರೆಕ್ಕೆಯ ಹಾವೊಂದೂ ಇತ್ತು. ಕೆಂಡಮಲ್ಲ ಬಿಡಿಸಿದ ನಲವತ್ತು ಸೆರೆಯಾಳುಗಳು ಇನ್ನೇನು ಸಿಕ್ಕಿಬೀಳಬೇಕು ಎನ್ನುವಾಗ ಅದು ಬೆಟ್ಟದಿಂದ ಇಳಿದು ಬಂದು ಅವರನ್ನೆಲ್ಲ ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸಿತು. ಈ ಹಾವು ಎಂದರೇನು ಎಂದು ಪೇಟೆಯಲ್ಲಿ ಚರ್ಚೆಯೋ ಚರ್ಚೆ. ದೇವರ ಕೃಪೆ ಎಂದ ಒಬ್ಬ ವ್ಯಾಪಾರಿ. ಕಾಲ ಎಂದ ಒಬ್ಬ ಪಂಡಿತ. ಕತೆಗಾರನನ್ನೇ ಕೇಳಿದರು. ಅವನು, "ಹಾವು ಎಂದರೆ ಹಾವು," ಎಂದು ಎದ್ದುಹೋದ.

ಹನ್ನೊಂದನೆಯ ವರ್ಷ ಆ ಭಾಗ ಬಂತು. ಇನ್ನು ಮುಂದೂಡಲು ಅವನಿಗೆ ಆಗಲಿಲ್ಲ. ರಾಜಭಟರು ಎರೆಯನನ್ನು ಹಿಡಿದರು, ಕೆಂಡಮಲ್ಲ ಎಲ್ಲಿ ಎಂದು ಕೇಳಿದರು, ಕೇಳಿದ ಕೂಡಲೇ ಎರೆಯ ಹೇಳಿಬಿಟ್ಟ. ಹೀಗೆ ಹೇಳಿ ಕತೆಗಾರ ಆ ವಾರದ ಭಾಗವನ್ನು ಮುಗಿಸಿದ.

ಬಳೆಯ ಮುದುಕಿ ಎದ್ದು ನಿಂತಳು.

"ನನ್ನ ಎರೆಯ ಹಾಗೆ ಮಾಡುವವನಲ್ಲ," ಎಂದಳು.

"ಮಾಡಿದ, ತಾಯಿ," ಎಂದ ಕತೆಗಾರ.

ಜನ ಎರೆಯನನ್ನು ಬೈಯತೊಡಗಿದರು. ಮನೆಗಳಲ್ಲಿ ಬೈದರು, ದಾರಿಯಲ್ಲಿ ಬೈದರು. ಅವನ ಹೆಸರನ್ನು ನಾಯಿಗಿಟ್ಟರು. ಕತೆಗಾರ ಅದನ್ನೆಲ್ಲ ಕೇಳಿಸಿಕೊಂಡ. ಯಾರನ್ನೂ ತಡೆಯಲಿಲ್ಲ.

ವ್ಯಾಪಾರಿಗಳು ಹೋದಲ್ಲೆಲ್ಲ ಕತೆಯೂ ಹೋಯಿತು. ಇಪ್ಪತ್ತು ದಿನಕ್ಕೂ ಹೆಚ್ಚಿನ ದಾರಿಯಲ್ಲಿ, ಹೆದ್ದಾರಿಯ ಪಕ್ಕದ ಒಂದು ಹಳ್ಳಿಯಲ್ಲಿ ಒಬ್ಬ ಕುಂಟ ಕಮ್ಮಾರ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ. ಅವನೇ ಮೌನೇಶ. ಒಂಬತ್ತು ವರ್ಷ ಗಣಿಯಲ್ಲಿದ್ದ. ಪಾಳೆಯಗಾರ ಸತ್ತ ಮೇಲೆ ಹೊಸಬ ಸೆರೆಯವರನ್ನು ಬಿಟ್ಟಿದ್ದ. ಮೌನೇಶ ಹಳೆಯ ಊರಿಗೆ ಹೋಗಿ ಗೆಳೆಯನನ್ನು ಹುಡುಕಿದ. ಅವನು ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ.

ಎತ್ತಿಗೆ ಲಾಳ ಕಟ್ಟಿಸುತ್ತಾ ವ್ಯಾಪಾರಿಯೊಬ್ಬ ಹೊತ್ತು ಕಳೆಯಲು ಕತೆ ಹೇಳಿದ. ಕಮ್ಮಾರ ತಲೆ ಎತ್ತದೆ ಕೇಳುತ್ತಿದ್ದ. ನಲವತ್ತು ಸೆರೆಯಾಳುಗಳು ಎಂದಾಗ ಅವನ ಸುತ್ತಿಗೆ ನಿಂತಿತು.

"ಗೆಳೆಯ ಯಾವಾಗ ಬಾಯಿಬಿಟ್ಟ?" ಎಂದು ಕೇಳಿದ.

"ಕೇಳಿದ ಕೂಡಲೇ."

"ಕತೆ ಹೇಳುವವನ ಕೈ ನೋಡಿದ್ದೀಯಾ?"

"ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಆವಿಗೆಯಲ್ಲಿ ಸುಟ್ಟುಕೊಂಡೆ ಎನ್ನುತ್ತಾನೆ."

ಕಮ್ಮಾರ ನಾಲ್ಕನೆಯ ಲಾಳವನ್ನು ಮುಗಿಸಿ, ಕೈ ತೊಳೆದುಕೊಂಡು, ತಿದಿಯನ್ನು ಕಟ್ಟಿಟ್ಟು ಬಾಗಿಲು ಹಾಕಿದ. ಕುಂಟುಗಾಲಿನಲ್ಲಿ ಇಪ್ಪತ್ತೆರಡು ದಿನ ನಡೆದ.

ಅವನು ಪೇಟೆ ತಲುಪಿದ್ದು ಸಂತೆಯ ದಿನ. ಜನ ಆಗಲೇ ಕೂತಿದ್ದರು. ಅವನು ಹಿಂದೆ ಕೂತ. ಕತೆಗಾರ ಎರೆಯನ ಬಗ್ಗೆ ಹೇಳುತ್ತಿದ್ದ. ಎರೆಯ ಈಗ ಕಾಡಿನಲ್ಲಿ ಒಬ್ಬನೇ ಅಲೆಯುತ್ತಿದ್ದ, ಮರಗಳೂ ಅವನಿಗೆ ನೆರಳು ಕೊಡುತ್ತಿರಲಿಲ್ಲ. ಹೇಳುತ್ತಾ ಕತೆಗಾರ ತಲೆ ಎತ್ತಿದ. ಹಿಂದಿನ ಸಾಲಿನಲ್ಲಿ ಕೂತವನನ್ನು ಕಂಡ. ಮಾತು ಅಲ್ಲೇ ನಿಂತಿತು.

ಕಮ್ಮಾರ ಎದ್ದು ನಿಂತ.

"ಕತೆಯಲ್ಲಿ ಒಂದು ತಪ್ಪಿದೆ," ಎಂದ.

ಕತೆಗಾರ ಕಟ್ಟೆಯಿಂದ ಮುಂದಕ್ಕೆ ಬಾಗಿದ. "ಏನು ತಪ್ಪು?" ಎಂದ.

"ಅವನು ಕೇಳಿದ ಕೂಡಲೇ ಹೇಳಲಿಲ್ಲ. ಮೂರನೆಯ ದಿನ ಹೇಳಿದ. ಅವನ ಗೆಳೆಯ ಅಡಗಿದ್ದಲ್ಲಿಂದಲೇ ಎರಡು ಬೆಳಗು ಎಣಿಸಿದ. ಹಿಡಿದವರೂ ಅದನ್ನೇ ಹೇಳಿದರು. ಆ ಕುಂಬಾರ ನಮ್ಮನ್ನು ಎರಡು ದಿನ ದಣಿಸಿಬಿಟ್ಟ ಎಂದರು."

ಕತೆಯಲ್ಲಿ ಯಾವ ಕುಂಬಾರನೂ ಇರಲಿಲ್ಲ, ಯಾರ ಮಾತೆಂದು ಜನಕ್ಕೆ ತಿಳಿಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೂರನೆಯ ದಿನ ಹೇಳಿದೆನಲ್ಲ, ಮೌನೇಶ," ಎಂದ ಕತೆಗಾರ. ಆಗ ಜನಕ್ಕೆ ತಿಳಿಯಿತು.

"ಹೇಳಿದೆ. ಅದನ್ನು ಕತೆಯಿಂದ ತೆಗೆ ಎನ್ನುವುದಿಲ್ಲ. ಒಂಬತ್ತು ವರ್ಷ ನಾನು ಕಲ್ಲು ಹೊತ್ತೆ, ಅದೂ ಇರಲಿ. ಆದರೆ ಮೊದಲಿನ ಎರಡು ದಿನ ಎಲ್ಲಿ ಹೋದವು?"

ಕತೆಗಾರ ಎಡಗೈಯನ್ನು ಹಿಂದಕ್ಕೆಳೆದುಕೊಂಡ.

"ಹೊಳೆ ಎರಡು ದಿನದ ದಾರಿ. ದಾರಿ ಹೇಳಿದವನು ನೀನೇ, ನಿನಗೆ ಗೊತ್ತಿಲ್ಲವೇ? ಮುದುಕರು, ಬಾಣಂತಿ. ಮೊದಲನೆಯ ದಿನ ನೀನು ಬಾಯಿಬಿಟ್ಟಿದ್ದರೆ ಕುದುರೆಯವರು ಅವರನ್ನು ಹಳ್ಳದಲ್ಲೇ ಹಿಡಿಯುತ್ತಿದ್ದರು. ನಲವತ್ತು ಜನರೂ ದಾಟಿದರು. ಆ ಕೂಸನ್ನು ನಾನು ಕಂಡಿದ್ದೇನೆ. ಈಗ ಅವಳೇ ತಮ್ಮನನ್ನು ಎತ್ತಿ ಆಡಿಸುತ್ತಾಳೆ." ಅವನು ಸ್ವಲ್ಪ ಉಸಿರು ತೆಗೆದುಕೊಂಡ. "ಅವರನ್ನು ಯಾವ ಹಾವೂ ದಾಟಿಸಲಿಲ್ಲ, ಗುಂಡಯ್ಯ. ನೀನು ದಾಟಿಸಿದೆ."

ಕತೆಗಾರ ಎಡಗೈಯನ್ನು ಬಲಗೈಯಲ್ಲಿ ಮುಚ್ಚಿಕೊಂಡು ಕೂತಿದ್ದ. ಆ ಎರಡು ದಿನವನ್ನು ಅವನು ಮರೆತಿರಲಿಲ್ಲ. ಅವು ತನ್ನ ಲೆಕ್ಕಕ್ಕೆ ಸೇರುತ್ತವೆಂದು ಒಮ್ಮೆಯೂ ಅಂದುಕೊಂಡಿರಲಿಲ್ಲ, ಅಷ್ಟೇ. ಅವನು ಬಹಳ ಹೊತ್ತು ಅತ್ತ. ಜನ ಕಾದರು. ಬಳೆಯ ಮುದುಕಿ ಹೋಗಿ ನೀರು ತಂದುಕೊಟ್ಟಳು. ಈ ಸಲ ಯಾರಿಗೆ ಎಂದು ಹೇಳಲಿಲ್ಲ.

ಆಮೇಲೆ ಅವನು ಆ ಭಾಗವನ್ನು ಮೊದಲಿನಿಂದ ಹೇಳಿದ. ಚೆನ್ನಾಗಿ ಹೇಳಲಿಲ್ಲ. ನಡುನಡುವೆ ತಡವರಿಸಿದ. ಹಿಂದಿನ ಸಾಲಿನಲ್ಲಿ ಕೂತವನು ಅಲ್ಲಲ್ಲಿ ಒಂದೆರಡು ಮಾತು ಸೇರಿಸಿದ.

ಕಮ್ಮಾರ ಅವನ ಮನೆಯಲ್ಲಿ ನಾಲ್ಕು ದಿನ ಉಳಿದ. ಹಳೆಯದನ್ನು ಇಬ್ಬರೂ ಹೆಚ್ಚು ಮಾತಾಡಲಿಲ್ಲ. ನಲವತ್ತು ಜನರನ್ನು ಹೊತ್ತು ಹಾರಬೇಕಾದರೆ ಹಾವಿಗೆ ಎಷ್ಟು ಅಗಲದ ರೆಕ್ಕೆ ಬೇಕು ಎಂದು ವಾದಿಸಿದರು. ಕಬ್ಬಿಣದ ಎಲುಬಿಲ್ಲದೆ ಸಾಧ್ಯವೇ ಇಲ್ಲ ಎಂದ ಕಮ್ಮಾರ. ಕುಂಬಾರ ಅನ್ನ ಬಡಿಸಿದ. ಐದನೆಯ ದಿನ ಬೆಳಿಗ್ಗೆ ಕಮ್ಮಾರ ಹೊರಟ. ಊರಿನಲ್ಲಿ ಎತ್ತುಗಳು ಕಾಯುತ್ತಿದ್ದವು. ಕುಂಬಾರ ಪೇಟೆಯ ಗಡಿಯವರೆಗೆ ಬಂದ, ಅಲ್ಲಿಂದ ಇನ್ನೊಂದು ಹರದಾರಿ ಹೋದ, ಆಮೇಲೆ ಹಿಂತಿರುಗಿದ.

ಇಷ್ಟು ಹೇಳಿ ಗುರುಗಳು ಬುಟ್ಟಿಯ ತಳದ ಕಾಯಿಗಳನ್ನು ಒಟ್ಟುಮಾಡಿದರು.

ಚೆನ್ನವೀರನ ಕೈ ಎಂದೋ ನಿಂತಿತ್ತು.

"ಅವನು ಇವನನ್ನು ಕ್ಷಮಿಸಿದನೇ, ಗುರುಗಳೇ?"

"ಆ ಮಾತು ಅವರ ನಡುವೆ ಬಂದದ್ದನ್ನು ನಾನು ಕೇಳಿಲ್ಲ."

ಚೆನ್ನವೀರ ಕೈಯಲ್ಲಿದ್ದ ಕಾಯಿಯನ್ನು ಸುಲಿದ. "ನನ್ನ ಪ್ರಶ್ನೆ ಹಾಗೇ ಉಳಿಯಿತು," ಎಂದ. "ಈ ಕತೆಯಲ್ಲೂ ಹತ್ತಿರದವನೇ ಮಾಡಿದ. ದೂರದವನು ಏಕೆ ಆಗಬಾರದು?"

ಗುರುಗಳು ಅವನನ್ನು ನೋಡಿ ಹೇಳಿದರು: "ದೂರದವನಾಗಿದ್ದರೆ, ಅವನ ಬಗ್ಗೆ ಒಂದು ಮಾತು ತಿದ್ದಲು ಯಾರು ಇಪ್ಪತ್ತೆರಡು ದಿನ ನಡೆದು ಬರುತ್ತಿದ್ದರು?"